ಲೋಟದಾಚೆಯ ಅಕ್ಷರ

ನಿಮ್ಮ ಫೋನಿನಿಂದ ನೀವು ತೀರಾ ಈಚೆಗೆ ಅಳಿಸಿಹಾಕಿದ ಚಿತ್ರ ಯಾವುದು? ಅದು ಕೆಟ್ಟು ಬಂದಿತ್ತೆಂದು ಅಳಿಸಿದಿರೋ, ಅಥವಾ ನಿಮಗೆ ಬೇಕಾದ ಮಾತನ್ನು ಅದು ಹೇಳುತ್ತಿರಲಿಲ್ಲವೆಂದೋ?

ಈ ಪ್ರಶ್ನೆ ನನ್ನೊಳಗೆ ಮತ್ತೆ ಎದ್ದದ್ದು ಒಂದು ವಾಸನೆಯಿಂದ. ಕಳೆದ ವಾರ ತಿಪಟೂರಿನಲ್ಲಿ ಲೋಕೇಶಣ್ಣನ ಸ್ಟುಡಿಯೋಗೆ ಅರ್ಜಿಯೊಂದಕ್ಕೆ ಅಂಟಿಸುವ ಫೋಟೋ ತೆಗೆಸಲು ಹೋಗಿದ್ದೆ. ಒಳಗಿನ ಕತ್ತಲೆ ಕೋಣೆಯ ಪರದೆ ಸರಿಯಿತು. ಹುಳಿಯೂ ಘಾಟೂ ಬೆರೆತ, ಮೂಗಿನ ಬುಡದಲ್ಲಿ ಚುಚ್ಚುವ ಫಿಲಂ ತೊಳೆಯುವ ದ್ರಾವಣದ ವಾಸನೆ ಹೊರಗೆ ಬಂತು. ಕಾಲೇಜಿನ ಹುಡುಗರಿಗೆ ಈಗ ಹಳೆಯ ಫಿಲಂ ಕ್ಯಾಮೆರಾಗಳ ಗೀಳು ಹತ್ತಿದೆಯಂತೆ. ಅವರಿಗೆ ಅದು ಹೊಸ ಮೋಜು. ನನಗಾದರೋ ಅದು ಹಳೆಯ ನೆನಪು. ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆ ತುಂಬಿದ ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು.

ನಮ್ಮೂರು ತುರುವೇಕೆರೆ ತಾಲ್ಲೂಕಿನಲ್ಲಿದೆ. ದಂಡಿನಶಿವರದ ಕಡೆಯಿಂದ ಬರುವ ಬಸ್ಸು ಕೆರೆ ಏರಿಯ ಮೇಲೆಯೇ ಊರನ್ನು ಸೇರುತ್ತದೆ. ಬಲಕ್ಕೆ ಕೆರೆಯ ಅಂಗಳ, ಎಡಕ್ಕೆ ಏರಿಯ ಕೆಳಗೆ ತೆಂಗಿನ ತೋಟಗಳು. ಆ ತೋಟಗಳ ಅಂಚಿನಲ್ಲಿ, ಏರಿಗೆ ಬೆನ್ನು ಕೊಟ್ಟು ಕುಳಿತಂತೆ ಕಮಲಕ್ಕನ ಹೆಂಚಿನ ಮನೆ. ನಾನು ಕಾನೂನು ಓದಿ ತಿಪಟೂರಿನ ನ್ಯಾಯಾಲಯದಲ್ಲಿ ವಕೀಲಿಕೆ ಆರಂಭಿಸಿದ್ದ ಕಾಲ ಅದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಬಹುಮಾನಗಳನ್ನು ಮನೆಯ ಗೋಡೆ ತುಂಬ ಜೋಡಿಸಿದ್ದೆ. ಸರಿಯಾದ ಆಧಾರವನ್ನು ಸರಿಯಾದ ಕ್ರಮದಲ್ಲಿ ಇಟ್ಟರೆ ಯಾರನ್ನಾದರೂ ಒಪ್ಪಿಸಬಹುದೆಂಬ ನಂಬಿಕೆ ನನ್ನದಾಗಿತ್ತು.

ಆ ವರ್ಷ ಹೇಮಾವತಿ ನಾಲೆಯ ನೀರೂ ಉತ್ತರೆ ಮಳೆಯೂ ಒಟ್ಟಿಗೆ ಬಂದವು. ಬಿರುಕು ಬಿಟ್ಟಿದ್ದ ಕೆರೆಯ ಅಂಗಳ ನೋಡನೋಡುತ್ತಲೇ ತುಂಬತೊಡಗಿತು. ಊರವರು ಸಂಜೆ ಏರಿಯ ಮೇಲೆ ಸಾಲಾಗಿ ಕುಳಿತು ನೀರನ್ನು ನೋಡುತ್ತಿದ್ದರು. ಅವರ ಸಂತೋಷ ನನಗೂ ಇತ್ತು. ಒಂದು ಬೆಳಿಗ್ಗೆ ಕಮಲಕ್ಕ ಏರಿಯ ಕೆಳಗಿನಿಂದಲೇ ಕೂಗಿದಳು.

“ಶೈಲಾ, ಇಳಿದು ಬಾರೇ! ಗಂಗಮ್ಮ ನಮ್ಮ ಹಿತ್ಲಿಗೇ ಬಂದವಳೆ. ಇನ್ನು ನಲ್ಲಿ ತಾವ ಬಿಂದಿಗೆ ಇಟ್ಕಂಡು ಕಾಯೋದು ತಪ್ತು ಕಣೇ.”

ಅವಳ ಹಿತ್ತಿಲಿನ ತುದಿಯಲ್ಲಿ, ಏರಿಯ ಬುಡದಿಂದ, ಬೆರಳು ಗಾತ್ರದ ನೀರು ಜಿನುಗುತ್ತಿತ್ತು. ಅವಳು ಅದರ ಕೆಳಗೆ ಕಲ್ಲಿಟ್ಟು ಪಾತ್ರೆ ತೊಳೆಯುತ್ತಿದ್ದಳು. ನಾನು ಬಗ್ಗಿ ನೋಡಿದೆ. ನೀರು ಕೆಂಪಗಿತ್ತು.

ತುಂಬಿದ ಕೆರೆಯ ಏರಿಯಲ್ಲಿ ಅಲ್ಪಸ್ವಲ್ಪ ಜಿನುಗು ಸಹಜ. ತಿಳಿಯಾದ ನೀರು ಬಂದರೆ ಹೆದರಬೇಕಿಲ್ಲ. ರಾಡಿ ಬಂದರೆ ಏರಿ ತನ್ನ ಮಣ್ಣನ್ನು ತಾನೇ ಹೊರಗೆ ಕಳಿಸುತ್ತಿದೆ ಎಂದರ್ಥ. ಒಳಗೆ ಪೊಳ್ಳು ಬೆಳೆಯುತ್ತಿರುತ್ತದೆ. ಕೆರೆಯ ಬದಿಯಲ್ಲಿ ಹುಟ್ಟಿದವರಿಗೆ ಇದು ಗೊತ್ತಿರುವ ಸಂಗತಿ. ಆ ಪೊಳ್ಳಿನ ಎದುರಿಗೆ ಕಮಲಕ್ಕನ ಮನೆಯಿತ್ತು. ಮನೆಯೊಳಗೆ ಅವಳ ಇಬ್ಬರು ಹೆಣ್ಣುಮಕ್ಕಳು ಮಲಗುತ್ತಿದ್ದರು. ಅವರ ತಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಗೆಂದು ಹರಡಿದ ಕಾಯಿ.

“ನೀರು ಇಳಿಯೋ ತನಕ ತವರಿಗೆ ಹೋಗಿರು ಕಮಲಕ್ಕ.”

“ಅಟ್ಟದ ಕಾಯಿ ಬುಟ್ಟು ಎಲ್ಲಿಗೆ ಹೋಗ್ಲಿ? ಇನ್ನೂ ಗುಡಗುಡ ಅಂತಾವೆ, ಒಳಗೆ ನೀರು ಬತ್ತಿಲ್ಲ. ಒಣಗೋ ಮುಂಚೆ ಕಾಯಿ ಕದಲಿಸ್ಬಾರ್ದು. ಕೆಳಗಿಳಿಸಿದ್ರೆ ತೇವಕ್ಕೆ ಮೊಳಕೆ ಒಡೀತವೆ.”

ವರ್ಷದ ದುಡಿಮೆಯನ್ನು ತಲೆಯ ಮೇಲಿಟ್ಟುಕೊಂಡು ಅದು ತಾನಾಗಿ ಒಣಗುವವರೆಗೆ ಕಾಯುವುದು ನಮ್ಮ ಸೀಮೆಯ ಬದುಕು. ಅವಳ ಗಂಡನದೂ ಅದೇ ಮಾತು. ಅವರು ಕದಲುವುದಿಲ್ಲ, ಹಾಗಾದರೆ ಕೆರೆಯ ನೀರನ್ನೇ ಸ್ವಲ್ಪ ಇಳಿಸಬೇಕು. ತೂಬು ಎತ್ತಿಸಬೇಕು.

ತೂಬು ಎತ್ತಿಸುವ ಅಧಿಕಾರ ಊರ ಕೆರೆ ಸಂಘದ್ದು. ಸಂಘದ ಅಧ್ಯಕ್ಷರು ನನ್ನ ದೊಡ್ಡಪ್ಪ ಶಿವನಂಜಪ್ಪ. ಕೊಬ್ಬರಿ ವ್ಯಾಪಾರದಲ್ಲಿ ಕೂದಲು ನರೆಸಿದವರು. ಕಾಯನ್ನು ಕಿವಿಯ ಹತ್ತಿರ ಅಲುಗಿಸಿ ಒಳಗಿನ ಕೊಬ್ಬರಿಯ ಹಣೆಬರಹ ಹೇಳುವವರು. ಅವರ ತೋಟದಲ್ಲಿ ಸತ್ತುಹೋಗಿದ್ದ ಕೊಳವೆಬಾವಿ ಕೆರೆ ತುಂಬಿದ ಮೇಲೆ ಮತ್ತೆ ನೀರು ಕೊಟ್ಟಿತ್ತು.

“ಕೆರೆ ತುಂಬಲಿ ಅಂತ ಊರಿಗೂರೇ ಬಾಯಿ ಬಿಟ್ಕಂಡು ಕೂತಿತ್ತು. ಈಗ ಹೊರಕ್ಕೆ ಬುಡು ಅಂತೀಯಲ್ಲ ಮಗಾ, ಮತ್ತೆ ನೀನು ತಂದು ತುಂಬುಸ್ತೀಯಾ?” ಎಂದರು.

ನನ್ನ ಒತ್ತಾಯಕ್ಕೆ ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರ್ ಒಮ್ಮೆ ಬಂದು ನೋಡಿದರು. ಅಷ್ಟರಲ್ಲಿ ಮಳೆ ಬಿಡುವು ಕೊಟ್ಟಿತ್ತು, ಜಿನುಗು ತಿಳಿಯಾಗಿತ್ತು. ಅಪಾಯವಿಲ್ಲ ಎಂದು ಬರೆದುಕೊಂಡರು. ಸಂಘದ ಸಭೆಯಲ್ಲಿ ನಾನು ಫೋನು ತೆಗೆದು ಕೆಂಪು ನೀರಿನ ಚಿತ್ರ ತೋರಿಸಿದೆ. ಅದೇ ಫೋನಿನಲ್ಲಿ ತಿಳಿನೀರಿನ ಚಿತ್ರಗಳನ್ನೂ ತೆಗೆದಿದ್ದೆ. ಸಭೆಗೆ ಬರುವ ಮೊದಲು ಅವನ್ನು ಅಳಿಸಿದ್ದೆ. ಎದುರು ಪಕ್ಷದ ವಾದಕ್ಕೆ ಬೇಕಾದ ಆಧಾರವನ್ನು ನಾವೇ ಒದಗಿಸಬಾರದೆಂಬುದು ಚರ್ಚಾಸ್ಪರ್ಧೆಯಲ್ಲಿ ನಾನು ಕಲಿತ ಮೊದಲ ಪಾಠ.

ದೊಡ್ಡಪ್ಪ ಫೋನನ್ನು ದೂರ ಹಿಡಿದು ನೋಡಿದರು. “ಈಗಿನ ಫೋನಲ್ಲಿ ಹುಲಿ ತಂದು ಏರಿ ಮ್ಯಾಲೆ ಕೂರಿಸ್ತಾರೆ ಕಣವ್ವ. ಅದು ಹಲ್ಲು ಕಿರಿದು ನಗೋ ಹಂಗೂ ಮಾಡ್ತಾರೆ. ಇದನ್ನ ನಂಬಿ ತೂಬು ಎತ್ತಾದಾ?”

ಸಭೆ ನಕ್ಕಿತು. ನಗುವಿನ ಎದುರು ವಾದ ನಿಲ್ಲುವುದಿಲ್ಲ. ಅಂದು ಸಂಜೆ ನಾನು ಬೀರುವಿನಿಂದ ತೀರಿಹೋದ ಅಪ್ಪನ ಫಿಲಂ ಕ್ಯಾಮೆರಾವನ್ನು ಹೊರತೆಗೆದೆ. ಮೇಷ್ಟರಾಗಿದ್ದ ಅಪ್ಪ ಶಾಲೆಯ ಮಕ್ಕಳನ್ನು ಅರಳಗುಪ್ಪೆಯ ಗುಡಿಗೆ ಕರೆದೊಯ್ದಾಗಲೆಲ್ಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಭಾರವಾದ ಕ್ಯಾಮೆರಾ ಅದು. ಫಿಲಮ್ಮಿನಲ್ಲಿ ಮೂಡಿದ್ದನ್ನು ತಿದ್ದಿದೆಯೆಂದು ಯಾರೂ ನಗಲಾರರು ಎಂದುಕೊಂಡೆ. ಸುಳ್ಳೆನ್ನಲಾಗದ ಸಾಕ್ಷಿಯೊಂದು ಸಿಕ್ಕಿತೆಂದು ಹಿಗ್ಗಿದೆ. ಅದನ್ನು ಬಳಸಲು ನನಗೆ ಬರುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಬಣ್ಣದ ಫಿಲಂ ತೊಳೆಯಲು ಬೆಂಗಳೂರಿಗೆ ಕಳಿಸಬೇಕಿತ್ತು. ಕಪ್ಪುಬಿಳುಪಾದರೆ ತಾನೇ ತೊಳೆದುಕೊಡುವೆನೆಂದು ಲೋಕೇಶಣ್ಣ ಒಪ್ಪಿದ. ಮೊದಲ ಸುರುಳಿ ಮುಗಿಸಿ ತಿಪಟೂರಿಗೆ ಒಯ್ದೆ. ಅವನು ಕತ್ತಲೆ ಕೋಣೆಯಿಂದ ಹೊರಬಂದು ಒದ್ದೆ ಪಟ್ಟಿಯನ್ನು ದೀಪಕ್ಕೆ ಹಿಡಿದ. ಆರಂಭದಿಂದ ಕೊನೆಯವರೆಗೆ ಅದು ಗಾಜಿನಂತೆ ಖಾಲಿಯಿತ್ತು.

“ಮೇಡಂ, ಕ್ಯಾಮೆರಾ ಬರೀ ಲೆಕ್ಕ ಹಾಕೈತೆ, ಫಿಲಂ ಏನೂ ಕಂಡಿಲ್ಲ.”

ಫಿಲಂ ತುದಿ ಅದನ್ನು ಎಳೆದು ಸುತ್ತಿಕೊಳ್ಳುವ ಉರುಳೆಯ ಸೀಳಿನಲ್ಲಿ ಸಿಕ್ಕಿಕೊಂಡಿರಲಿಲ್ಲ. ಪ್ರತಿ ಚಿತ್ರದ ನಂತರ ನಾನು ಫಿಲಂ ಸರಿಸುವ ಪುಟ್ಟ ಸನ್ನೆ ಎಳೆದಾಗ ಮೇಲಿನ ಸಂಖ್ಯೆ ಮುಂದೆ ಸರಿದಿತ್ತು. ಫಿಲಂ ಇದ್ದಲ್ಲಿಯೇ ಇತ್ತು. ಸನ್ನೆ ಎಳೆಯುವಾಗ ಎಡಗಡೆಯ ಗುಂಡಿಯೂ ಸುತ್ತುತ್ತಿದೆಯೇ ಎಂದು ಗಮನಿಸಿದ್ದರೆ ತಿಳಿಯುತ್ತಿತ್ತು. ನಾನು ಸಂಖ್ಯೆಯನ್ನಷ್ಟೇ ನಂಬಿದ್ದೆ. ಬಸ್ಸಿನಲ್ಲಿ ಊರಿಗೆ ಮರಳುವಾಗ ಕೆರೆಯ ನೀರು ಹಿಂದಿನ ವಾರಕ್ಕಿಂತ ಒಂದು ಮೆಟ್ಟಿಲು ಮೇಲೇರಿತ್ತು. ಹಸ್ತ ಮಳೆ ಹಿಡಿದಿತ್ತು.

ಎರಡನೆಯ ಸುರುಳಿಯಲ್ಲಿ ಚಿತ್ರಗಳು ಮೂಡಿದವು. ಕೆಲವನ್ನು ಲೋಕೇಶಣ್ಣನೇ ಹೆಚ್ಚು ಹೊತ್ತು ದ್ರಾವಣದಲ್ಲಿ ಬಿಟ್ಟು ಕರಿ ಮಾಡಿದ. “ನಂದೂ ಕೈ ಮರ್ತೋಗೈತೆ. ನೀವು ಬೈಬ್ಯಾಡಿ, ನಾನೂ ನಿಮ್ಮನ್ನ ಬೈಯಲ್ಲ,” ಎಂದು ಒಪ್ಪಂದ ಮಾಡಿಕೊಂಡ. ಉಳಿದವನ್ನು ದೊಡ್ಡಪ್ಪನ ಜಗಲಿಯ ಮೇಲೆ ಹರಡಿದೆ. ಏರಿಯ ಬುಡ ಸ್ಪಷ್ಟವಾಗಿತ್ತು, ಹುಲ್ಲಿನ ಎಸಳೂ ಕಾಣುತ್ತಿತ್ತು. ನಡುವೆ ಹೊಳೆಯುವ ಒಂದು ಕಪ್ಪು ಕಲೆ.

“ಇದೇನವ್ವ, ಎಮ್ಮೆ ಗಂಜಲ ಹೊಯ್ದಂಗೈತೆ?”

“ರಾಡಿ ನೀರು ದೊಡ್ಡಪ್ಪ.”

“ಇದರಾಗೆ ರಾಡಿ ಯಾವುದು, ತಿಳಿ ಯಾವುದು? ಎಲ್ಲಾ ಒಂದೇ ಮಸಿ.”

ಅವರು ಹೇಳಿದ್ದು ನಿಜವಾಗಿತ್ತು. ನೀರಿನ ಬಣ್ಣವೇ ವಾದದ ತಿರುಳಾಗಿರುವಾಗ ನಾನು ಬಣ್ಣವನ್ನೇ ಕಾಣದ ಫಿಲಮ್ಮಿನ ಮೇಲೆ ಅದನ್ನು ಬರೆದಿದ್ದೆ. ಮಕ್ಕಳನ್ನಾದರೂ ಬೇರೆಡೆ ಮಲಗಿಸೆಂದು ಕೇಳಲು ಕಮಲಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಅಂದಿನ ಪತ್ರಿಕೆ ಬಿದ್ದಿತ್ತು. ಅವಳು ಕುಡಿಯಲು ನೀರು ತಂದು ಗಾಜಿನ ಲೋಟವನ್ನು ಅದರ ಮೇಲೆಯೇ ಇಟ್ಟಳು. ಲೋಟದ ತಳದಲ್ಲಿ ಅಕ್ಷರಗಳು ದಪ್ಪಗಾಗಿ ಕಂಡವು. ನಾನು ಕುಡಿಯುವುದನ್ನು ಮರೆತು ನೋಡುತ್ತ ಕುಳಿತೆ.

ತಿಳಿನೀರಾದರೆ ಲೋಟದ ಹಿಂದಿನ ಅಕ್ಷರ ಓದಲು ಬರುತ್ತದೆ, ರಾಡಿಯಾದರೆ ಬರುವುದಿಲ್ಲ. ಅದಕ್ಕೆ ಬಣ್ಣ ಬೇಡ.

ಮರುದಿನವೇ ಕ್ಯಾಮೆರಾಕ್ಕೆ ಮೂರನೆಯ ಸುರುಳಿ ಹಾಕಿದೆ. ಎಡಗಡೆಯ ಗುಂಡಿ ಸುತ್ತುವುದನ್ನು ಕಣ್ಣಾರೆ ನೋಡಿಕೊಂಡೆ. ಜಿನುಗಿನಿಂದ ಹಿಡಿದ ನೀರನ್ನು ಲೋಟದಲ್ಲಿ ತುಂಬಿ ಕಮಲಕ್ಕ ಕೈ ಚಾಚಿ ಹಿಡಿಯುವುದು, ಹಿಂದೆ ಆ ದಿನದ ಪತ್ರಿಕೆಯ ಹೆಸರಿನ ದಪ್ಪ ಅಕ್ಷರಗಳನ್ನು ಅವಳ ಹಿರಿಮಗಳು ಹಿಡಿಯುವುದು ಎಂದು ಏರ್ಪಾಟಾಯಿತು. ಹುಡುಗಿ ಪತ್ರಿಕೆಯನ್ನು ದೂರ ಹಿಡಿದಾಗ ಅಕ್ಷರಗಳು ಲೋಟದೊಳಗೆ ಬಲ ಎಡವಾಗಿ ತಿರುಗಿ ನಿಂತವು. ಕಮಲಕ್ಕ ಬಗ್ಗಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಾಜಿಗೆ ಅಂಟಿಸಿ ಹಿಡಿದಾಗ ಸರಿಯಾದವು.

ಆ ದಿನ ಬೆಳಗಿನಿಂದಲೂ ಮಳೆ ಸುರಿಯುತ್ತಿತ್ತು. ಆದರೂ ನೀರು ತಿಳಿಯಾಗಿತ್ತು. ನಾನು ಕ್ಯಾಮೆರಾ ಮುಚ್ಚಿದೆ. “ಇವತ್ತು ಬೇಡ ಕಮಲಕ್ಕ, ರಾಡಿ ಬಂದ ದಿನ ತೆಗೆಯೋಣ.”

“ಅಯ್ಯೋ, ನಾನು ತಲೆ ಬಾಚ್ಕಂಡು, ಹೊಸ ರವಿಕೆ ಹಾಕ್ಕಂಡು ನಿಂತಿವ್ನಿ. ರಾಡಿ ಬಂದ ದಿನ ಹೆಂಗಿರ್ತೀನೋ ಏನೋ. ತೆಗಿಯೇ ಸುಮ್ಕೆ!”

ಅವಳ ಮನಸ್ಸು ನೋಯಬಾರದೆಂದು ಆ ದಿನವೂ ಮಾರನೆಯ ದಿನವೂ ಕೆಲವನ್ನು ತೆಗೆದೆ. ಫಿಲಂ ದಂಡವಾಯಿತೆಂದು ಒಳಗೊಳಗೇ ಸಿಡಿಮಿಡಿಗೊಂಡೆ.

ಚಿತ್ತೆ ಮಳೆ ಬಂದ ಮೇಲೆ ನಗು ನಿಂತಿತು. ನೀರು ಕೋಡಿಯ ಅಂಚಿಗೆ ಬಂತು. ಕಮಲಕ್ಕನ ಹಿತ್ತಿಲಲ್ಲಿ ಬೆರಳು ಗಾತ್ರದ ಧಾರೆ ಮಣಿಕಟ್ಟಿನ ಗಾತ್ರವಾಯಿತು. ತೊಳೆದಿಟ್ಟ ಪಾತ್ರೆಗಳ ತಳದಲ್ಲಿ ಮಣ್ಣು ಕೂರುತ್ತಿತ್ತು. ಹಿತ್ತಿಲಿನ ನೆಲ ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುತ್ತಿತ್ತು. ಲೋಟದಾಚೆಯ ಅಕ್ಷರ ಮೊದಲು ಮಸುಕಾಯಿತು, ಆಮೇಲೆ ಮಾಯವಾಯಿತು. ನಾನು ಒಂದರ ಹಿಂದೊಂದು ಚಿತ್ರ ತೆಗೆದೆ. ಇಂಜಿನಿಯರಿಗೆ ಫೋನು ಮಾಡಿದೆ. ಮರುದಿನ ಬೆಳಿಗ್ಗೆ ಬರುವುದಾಗಿ ಹೇಳಿದರು. ದೊಡ್ಡಪ್ಪನಿಗೂ ತಿಳಿಸಲು ಕ್ಯಾಮೆರಾ ಸಮೇತ ಅವರ ಮನೆಗೆ ಹೋದೆ.

“ಮಳೇಲಿ ರಾಡಿ ಬರದೆ ಹಾಲು ಬರ್ತದಾ?” ಎಂದರು ಅವರು. “ಮ್ಯಾಲಿಂದ ಕೊಚ್ಕಂಡು ಬರ್ತದೆ, ಮಳೆ ನಿಂತ್ರೆ ತಿಳಿ ಆಯ್ತದೆ. ಅದಕ್ಯಾಕೆ ಈ ಪಾಟಿ ಗಾಬರಿ?”

ದೊಡ್ಡಮ್ಮ ಒಳಗಿನಿಂದ ಕಾಫಿಗೆ ಕರೆದರು. ಕ್ಯಾಮೆರಾವನ್ನು ಜಗಲಿಯ ಮೇಲಿಟ್ಟು ಒಳಗೆ ಹೋದೆ. ಲೋಟ ಹಿಡಿದು ಹೊರಬಂದಾಗ ಕ್ಯಾಮೆರಾದ ಹಿಂಬಾಗಿಲು ತೆರೆದಿತ್ತು. ದೊಡ್ಡಪ್ಪ ಅದನ್ನು ಬೆಳಕಿಗೆ ವಾಲಿಸಿ ಒಳಗೆ ಇಣುಕುತ್ತಿದ್ದರು.

“ಇದರಾಗೆ ಫೋಟೋನೇ ಇಲ್ವಲ್ಲವ್ವ? ಬರೀ ಬೂದು ಪಟ್ಟಿ ಐತೆ.”

ತೊಳೆಯುವ ಮೊದಲು ಫಿಲಮ್ಮಿಗೆ ಬೆಳಕು ತಗುಲಿದರೆ ಚಿತ್ರ ಉಳಿಯುವುದಿಲ್ಲ. ನಾನು ಕೂಗಿದೆ. ಬೇಕೆಂದೇ ಮಾಡಿದಿರಿ ಎಂದೆ. ನಿಮ್ಮ ಕೊಳವೆಬಾವಿಗಾಗಿ ಎರಡು ಮಕ್ಕಳನ್ನು ನೀರಿಗೆ ಬಿಡುತ್ತೀರಿ ಎಂದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ದೊಡ್ಡಪ್ಪ ಬಾಗಿಲನ್ನು ಮುಚ್ಚಲು ನೋಡಿ, ಬಾರದೆ, ಹಾಗೆಯೇ ನನ್ನ ಕೈಗಿತ್ತರು.

“ಕೊಬ್ರಿ ರಾಶೀಲಿ ಒಂದು ಒಡೆದು ನೋಡ್ದಂಗೆ ನೋಡ್ದೆ ಕಣವ್ವ. ಒಡೆದು ನೋಡ್ದಲೆ ನಾನು ಯಾವತ್ತು ಏನು ಒಪ್ಕಂಡಿವ್ನಿ? ನೋಡಿದ್ರೇ ಕೆಟ್ಟೋಗೋ ಸಾಮಾನು ಅಂತ ಯಾರಿಗೆ ಗೊತ್ತು?”

ಅವರ ಮುಖವನ್ನು ನಾನು ನೋಡಲಿಲ್ಲ. ಬಾಗಿಲು ಒತ್ತಿ ಮುಚ್ಚಿ, ಬಸ್ಸು ಹಿಡಿದು ತಿಪಟೂರಿಗೆ ಹೋದೆ.

ಲೋಕೇಶಣ್ಣ ಕತ್ತಲೆ ಕೋಣೆಗೆ ಹೋದವನು ಬೇಗ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಆ ಹುಳಿ ವಾಸನೆಯನ್ನು ಉಸಿರಾಡುತ್ತ ಕುಳಿತಿದ್ದೆ. ಬೀದಿಯಲ್ಲಿ ಮಳೆ ಜೋರಾಗುತ್ತಿತ್ತು. ಅಲ್ಲಿ ಸುರಿಯುತ್ತಿದ್ದ ಪ್ರತಿ ಹನಿಯೂ ನಮ್ಮ ಕೆರೆಗೇ ಬೀಳುತ್ತಿದೆ ಎನಿಸುತ್ತಿತ್ತು.

“ಹೊರಸುತ್ತು ಪೂರ್ತಿ ಸುಟ್ಟೋಗೈತೆ,” ಎಂದ ಹೊರಬಂದು. “ಒಳಸುತ್ತು ಬದುಕೈತೆ. ಮೊದಮೊದಲು ತೆಗೆದವು ಸಿಕ್ತವೆ.”

ಮೊದಮೊದಲು ತೆಗೆದವು ಎಂದರೆ ತಿಳಿನೀರಿನವು. ಕಮಲಕ್ಕ ಹೊಸ ರವಿಕೆ ತೊಟ್ಟು ನಗುತ್ತ ಹಿಡಿದ ಲೋಟ, ಅದರಾಚೆ ಗಾಜಿನಷ್ಟು ಸ್ಪಷ್ಟವಾದ ಅಕ್ಷರ. ನನಗೆ ಬೇಕಾಗಿದ್ದ ಚಿತ್ರಗಳೆಲ್ಲ ಕರಿಯಾಗಿದ್ದವು. ಉಳಿದದ್ದು ಎದುರು ಪಕ್ಷದ ಸಾಕ್ಷಿ. ಫೋನಿನಲ್ಲಿ ಇದ್ದಿದ್ದರೆ ಹಿಂದಿನಂತೆಯೇ ಅಳಿಸಿಬಿಡುತ್ತಿದ್ದೆ. ಫಿಲಂ ಅದಕ್ಕೆ ಅವಕಾಶ ಕೊಡಲಿಲ್ಲ.

“ಇವನ್ನ ಪ್ರಿಂಟ್ ಹಾಕ್ಲಾ, ಬ್ಯಾಡ್ವಾ?” ಎಂದು ಲೋಕೇಶಣ್ಣ ಕೇಳಿದ.

ಬೇಡ ಎನ್ನಲು ಬಾಯಿ ತೆರೆದೆ. ಆಗ ಕಣ್ಣಿಗೆ ಬಿದ್ದದ್ದು ಹುಡುಗಿ ಹಿಡಿದ ಪತ್ರಿಕೆ. ಅದು ಒದ್ದೆಯಾಗಿತ್ತು, ಅಂಚು ಮಡಿಸಿ ಜೋತುಬಿದ್ದಿತ್ತು. ಕಮಲಕ್ಕನ ತಲೆಯ ಮೇಲೆ ಸೆರಗು, ಹಿಂದೆ ಗೆರೆಗೆರೆಯಾಗಿ ಸುರಿಯುವ ಮಳೆ. ಮಳೆಯಲ್ಲಿ ರಾಡಿ ಬರುವುದು ಸಹಜವೆಂದು ದೊಡ್ಡಪ್ಪ ಹೇಳಿದ್ದರು. ಈ ಚಿತ್ರದಲ್ಲಿ ಮಳೆಯಿತ್ತು, ರಾಡಿಯಿರಲಿಲ್ಲ.

“ಹಾಕಿ,” ಎಂದೆ. “ದೊಡ್ಡದಾಗಿ ಹಾಕಿ.”

ಮರುದಿನ ಬೆಳಿಗ್ಗೆ ಕಮಲಕ್ಕನ ಹಿತ್ತಿಲಲ್ಲಿ ಇಂಜಿನಿಯರ್ ಕೊಡೆ ಹಿಡಿದು ನಿಂತಿದ್ದರು. ಸಂಘದವರು ಬಂದಿದ್ದರು. ದೊಡ್ಡಪ್ಪ ಸ್ವಲ್ಪ ದೂರದಲ್ಲಿ, ನನ್ನ ಕಡೆ ನೋಡದೆ, ತೆಂಗಿನ ಮರಕ್ಕೆ ಒರಗಿದ್ದರು. ನಾನು ಚಿತ್ರವನ್ನು ಇಂಜಿನಿಯರ್ ಕೈಗೆ ಕೊಟ್ಟೆ.

“ತಿಳಿ ಇದೆಯಲ್ರೀ ಮೇಡಂ. ನಾನೂ ಅದನ್ನೇ ಬರೆದಿದ್ದೆ.”

“ಹೌದು ಸರ್. ನೀವು ಬರೆದದ್ದು ನಿಜ. ಅವತ್ತು ಮಳೆಯೂ ಇತ್ತು, ನೀರೂ ತಿಳಿ ಇತ್ತು. ಈಗ ಅದೇ ಜಾಗದಿಂದ, ಅದೇ ಲೋಟದಲ್ಲಿ ಹಿಡಿಯೋಣ.”

ಎದುರಾಳಿಯ ಮಾತನ್ನು ನಿಜವೆಂದು ಒಪ್ಪಿ ನಾನು ವಾದ ಆರಂಭಿಸಿದ್ದು ಅದೇ ಮೊದಲು. ಕಮಲಕ್ಕ ಲೋಟ ತುಂಬಿದಳು. ಅಂದು ಅವಳ ತಲೆ ಕೆದರಿತ್ತು, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಹಿರಿಮಗಳು ಪತ್ರಿಕೆಯನ್ನು ಗಾಜಿಗೆ ಒತ್ತಿ ಹಿಡಿದಳು. ಲೋಟದಾಚೆ ಏನೂ ಇರಲಿಲ್ಲ.

ಇಂಜಿನಿಯರ್ ಚಿತ್ರವನ್ನೂ ಲೋಟವನ್ನೂ ಎರಡು ಮೂರು ಸಲ ನೋಡಿದರು. ಆಮೇಲೆ ಕೊಡೆಯನ್ನು ಕೆಳಗಿಟ್ಟು, ಮಂಡಿಯೂರಿ ಧಾರೆಯ ಬಾಯಿಗೆ ಕೈ ಹಾಕಿದರು. ಕೈ ಮೊಣಕೈವರೆಗೆ ಒಳಗೆ ಹೋಯಿತು.

ದೊಡ್ಡಪ್ಪ ಮರವನ್ನು ಬಿಟ್ಟು ಮುಂದೆ ಬಂದರು. ಕಮಲಕ್ಕನ ಕೈಯಿಂದ ಲೋಟ ತೆಗೆದುಕೊಂಡು, ಕೊಬ್ಬರಿ ನೋಡುವ ರೂಢಿಯಲ್ಲಿ ಒಮ್ಮೆ ಅಲುಗಿಸಿ, ತಳಕ್ಕೆ ಇಳಿಯುತ್ತಿದ್ದ ಮಣ್ಣನ್ನು ಬೆರಳಿಂದ ತೆಗೆದು ತಿಕ್ಕಿದರು.

“ಇದು ಕೆರೆ ತಳದ ಗೋಡಲ್ಲ ಕಣ್ರೋ. ಏರಿ ಮಣ್ಣು.” ಅವರ ದನಿ ಇಳಿದಿತ್ತು. “ಕಮಲಾ, ಮಕ್ಕಳ ಕರ್ಕಂಡು ನಮ್ಮನೆಗೆ ನಡಿ. ಕಾಯಿ ಕಥೆ ಆಮೇಲೆ ನೋಡಾನ. ನೀವು ನಾಕು ಜನ ನನ್ನ ಜತೆ ಬನ್ರಿ, ತೂಬು ಎತ್ತಬೇಕು.”

ಬಹಳ ಕಾಲದಿಂದ ಅಲುಗದ ತೂಬಿನ ಸಲಾಕೆ ತುಕ್ಕು ಹಿಡಿದಿತ್ತು. ಅದನ್ನು ಎಬ್ಬಿಸಲು ಗಂಡಸರು ಮಧ್ಯಾಹ್ನದವರೆಗೆ ಎಳೆದಾಡಿದರು. ಕೊನೆಗೆ ನೀರು ಗುಡುಗಿದಂತೆ ಸದ್ದು ಮಾಡಿ ಕಾಲುವೆಗೆ ನುಗ್ಗಿದಾಗ ಯಾರೂ ಸಂತೋಷಪಡಲಿಲ್ಲ. ದೊಡ್ಡಪ್ಪ ಏರಿಯ ಮೇಲೆ ನಿಂತು ಅದು ಹೋಗುವುದನ್ನು ನೋಡಿದರು. ಕೆಳಗಿನ ಹೊಲಗಳಲ್ಲಿ ತೆನೆ ಹೊತ್ತ ರಾಗಿ ಮಲಗಿತು. ಸ್ವಾತಿ ಮಳೆಯ ಹೊತ್ತಿಗೆ ಕೆರೆ ಅರ್ಧಕ್ಕಿಳಿಯಿತು, ಹಿತ್ತಿಲಿನ ಧಾರೆ ಸಣ್ಣಗಾಗಿ, ತಿಳಿಯಾಗಿ, ನಿಂತಿತು. ಕಮಲಕ್ಕ ಮನೆಗೆ ಮರಳಿ ಮೊದಲು ಅಟ್ಟ ಹತ್ತಿದಳು. ಬೇಸಿಗೆಯಲ್ಲಿ ಏರಿಯನ್ನು ಅಗೆದಾಗ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂರಬಹುದಾದ ಪೊಳ್ಳು ಸಿಕ್ಕಿತು.

ತೂಬು ಎತ್ತದಿದ್ದರೆ ಏರಿ ಒಡೆಯುತ್ತಿತ್ತೇ? ಒಡೆಯುತ್ತಿತ್ತೆಂದು ವೇದಿಕೆಯ ಮೇಲೆ ನಿಂತು ಸಾಧಿಸಬಲ್ಲೆ. ಆದರೆ ನನಗೆ ಗೊತ್ತಿಲ್ಲ ಎಂಬುದೇ ನಿಜ. ದೊಡ್ಡಪ್ಪನ ಕೊಳವೆಬಾವಿ ಮರುವರ್ಷ ಮತ್ತೆ ಬತ್ತಿತು. “ಆ ವರ್ಸದ ನೀರು ನೀನೇ ಹರಿಸ್ದೆ ಕಣವ್ವ,” ಎಂದು ಈಗಲೂ ಹೇಳುತ್ತಾರೆ. ಅದು ದೂರೋ ಮೆಚ್ಚುಗೆಯೋ ಎಂದು ಕೇಳುವ ಧೈರ್ಯ ನನಗಿಲ್ಲ. ಅಂದು ಜಗಲಿಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದಾಗ ಅವರು ಎಲೆಯಡಿಕೆ ಮಡಿಸುತ್ತ ಬೇರೆ ಮಾತು ತೆಗೆದರು. ಆದರೆ ಪ್ರತಿವರ್ಷ ಉತ್ತರೆ ಮಳೆಗೆ ಮುಂಚೆ ತಪ್ಪದೆ ಅವರ ಫೋನು ಬರುತ್ತದೆ. “ಆ ಡಬ್ಬಿ ತಗಂಡು ಬಾ. ಏರಿ ಒಣಗೈತೆ, ಫೋಟೋ ಹಿಡಿ. ನಾನು ಮುಟ್ಟಾಕಿಲ್ಲ ಬುಡು.”

ಲೋಕೇಶಣ್ಣನ ಸ್ಟುಡಿಯೋದಲ್ಲಿ ಕಳೆದ ವಾರ ಕಾಲೇಜಿನ ಹುಡುಗಿಯೊಬ್ಬಳು ತನ್ನ ಮೊದಲ ಸುರುಳಿ ಖಾಲಿ ಬಂತೆಂದು ಕಣ್ಣು ತುಂಬಿಕೊಂಡಿದ್ದಳು. ಎಡಗಡೆಯ ಗುಂಡಿಯ ವಿಷಯ ಅವಳಿಗೆ ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಡಿಯನ್ನು ರಾಡಿಯೆಂದು ತೋರಿಸಲು ತಿಳಿಯಾಗಿದ್ದ ದಿನದ ಚಿತ್ರವೂ ಬೇಕು. ಅದು ನಮ್ಮ ವಾದಕ್ಕೆ ವಿರುದ್ಧವಾಗಿ ಕಂಡರೂ ಬೇಕು, ಕೆಲವೊಮ್ಮೆ ಅದೇ ಬೇಕು. ನನ್ನಲ್ಲಿ ಅದು ಉಳಿದದ್ದು ನನ್ನ ಜಾಣತನದಿಂದಲ್ಲ, ಕಮಲಕ್ಕನ ಹೊಸ ರವಿಕೆಯಿಂದ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಈ ವರ್ಷ ನಿಮ್ಮೂರಿನ ಕೆರೆ ತುಂಬುವ ಮೊದಲು ಒಮ್ಮೆ ಏರಿಯ ಹಿಂಬದಿಗೆ ಇಳಿಯಿರಿ. ಎಲ್ಲವೂ ಸರಿಯಿರುವಾಗಲೇ, ಆ ದಿನದ ಪತ್ರಿಕೆಯನ್ನು ಪಕ್ಕದಲ್ಲಿಟ್ಟು, ಒಂದು ಚಿತ್ರ ತೆಗೆಯಿರಿ. ಕ್ಯಾಮೆರಾ ಯಾವುದಾದರೂ ಆಗಲಿ. ಕಾಗದದ ಮೇಲೆ ಮುದ್ರಿಸಿ, ಒಂದನ್ನು ಏರಿಯ ಕೆಳಗಿನ ಮನೆಯವರಿಗೆ ಕೊಡಿ. ಇನ್ನೊಂದನ್ನು ನೀವು ಇಟ್ಟುಕೊಳ್ಳಿ. ಅಳಿಸಬೇಡಿ.